ಅಚ್ಚಿಗೆ ಹೋಗುವ ಮುನ್ನ

ಕಾಲೇಜೊಂದರ ವಾರ್ಷಿಕ ಸಂಚಿಕೆಯನ್ನು ಅಚ್ಚು ಹಾಕಿಸಬೇಕಾಗಿದೆ ಎಂದು ಭಾವಿಸೋಣ. ಪುಟಗಳು 96, ಪ್ರತಿಗಳು 1,000. ವಿದ್ಯಾರ್ಥಿ ಸಂಪಾದಕರು ಲೇಖನಗಳನ್ನು ಕೂಡಿಹಾಕಿ, ಚಿತ್ರಗಳನ್ನು ಸೇರಿಸಿ, ಗಣಕಯಂತ್ರದ ತೆರೆಯ ಮೇಲೆ ಪುಟಗಳನ್ನು ಅಂದವಾಗಿ ಜೋಡಿಸಿ, ಆ ಕಡತವನ್ನು ಅಚ್ಚುಕೂಟಕ್ಕೆ ಒಪ್ಪಿಸುತ್ತಾರೆ. ಕೆಲವು ದಿನಗಳ ಮೇಲೆ ಪುಸ್ತಕದ ಕಟ್ಟುಗಳು ಬರುತ್ತವೆ. ಬಿಚ್ಚಿ ನೋಡಿದರೆ ರಕ್ಷಾಪುಟದ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿಯ ಗೆರೆ ಕಾಣುತ್ತದೆ. ತೆರೆಯ ಮೇಲೆ ಹೊಳೆಹೊಳೆಯುತ್ತಿದ್ದ ನೀಲಿ ಮಂಕಾಗಿದೆ. ಪ್ರಾಂಶುಪಾಲರ ಭಾವಚಿತ್ರ ಮಸುಕಾಗಿದೆ. ಒಂದು ಪದ್ಯದಲ್ಲಿ ಒತ್ತಕ್ಷರಗಳು ತಮ್ಮ ಸ್ಥಾನ ಬಿಟ್ಟು ಚದರಿಹೋಗಿವೆ.

ಯಂತ್ರವು ಕೆಟ್ಟಿರಲಿಲ್ಲ, ಅದನ್ನು ನಡೆಸಿದವರೂ ತಪ್ಪು ಮಾಡಲಿಲ್ಲ. ಈ ನಾಲ್ಕು ದೋಷಗಳೂ ಕಡತದಲ್ಲಿಯೇ ಅಡಗಿದ್ದವು. ಯಂತ್ರವು ಅವನ್ನು ನಿಷ್ಠೆಯಿಂದ ಸಾವಿರ ಸಲ ನಕಲು ಮಾಡಿತು, ಅಷ್ಟೆ. ಅಚ್ಚಿಗೆ ಕಳುಹಿಸುವ ಬರೆಹವನ್ನು ಹೇಗೆ ಸಿದ್ಧಗೊಳಿಸಬೇಕು, ಅದರ ನಿಯಮಗಳಿಗೆ ಕಾರಣಗಳೇನು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ. ಕಾರಣಗಳನ್ನು ತಿಳಿದವರಿಗೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾದ ಶ್ರಮವಿರುವುದಿಲ್ಲ.

ಹಿಂದಿನ ಕೈಗಳು, ಇಂದಿನ ಕಡತ

ಸೀಸದ ಮೊಳೆಗಳಿಂದ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಲೇಖಕನ ಹಸ್ತಪ್ರತಿಗೂ ಅಚ್ಚಾದ ಪುಟಕ್ಕೂ ನಡುವೆ ಹಲವರ ಕೈಗಳಿದ್ದವು. ಮೊಳೆ ಜೋಡಿಸುವವನು ಒಂದೊಂದು ಅಕ್ಷರವನ್ನೂ ಗೂಡಿನಿಂದ ಆಯ್ದು ಸಾಲುಗಟ್ಟುತ್ತಿದ್ದನು. ಕರಡು ತಿದ್ದುವವನು ಅದನ್ನು ಹಸ್ತಪ್ರತಿಯೊಡನೆ ಹೋಲಿಸುತ್ತಿದ್ದನು. ಚಿತ್ರಗಳಿದ್ದರೆ ಬ್ಲಾಕು ಮಾಡುವವನು ಅವುಗಳನ್ನು ಲೋಹದ ತಗಡಿನ ಮೇಲೆ ಇಳಿಸುತ್ತಿದ್ದನು. ಹಸ್ತಪ್ರತಿ ಎಷ್ಟು ಒರಟಾಗಿದ್ದರೂ ಈ ಕುಶಲಿಗಳ ಕೈಯಲ್ಲಿ ಅದಕ್ಕೆ ಒಂದು ಒಪ್ಪ ದೊರೆಯುತ್ತಿತ್ತು.

ಇಂದು ಕಡತವು ಗಣಕಯಂತ್ರದಿಂದ ಹೊರಟು, ಲೇಸರ್ ಕಿರಣದ ಮೂಲಕ ನೇರವಾಗಿ ಅಚ್ಚಿನ ಪ್ಲೇಟಿನ ಮೇಲೆ ಮೂಡುತ್ತದೆ. ನಡುವಣ ಕೈಗಳು ಬಹುಮಟ್ಟಿಗೆ ಇಲ್ಲವಾಗಿವೆ. ಆದರೆ ಅವು ಮಾಡುತ್ತಿದ್ದ ಕೆಲಸವು ಇಲ್ಲವಾಗಿಲ್ಲ. ಅದು ಕಡತವನ್ನು ಸಿದ್ಧಪಡಿಸುವವನ ಪಾಲಿಗೆ ಬಂದಿದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಎಣ್ಣೆಗೂ ನೀರಿಗೂ ಇರುವ ಹಗೆ

ಇಂದಿನ ಪುಸ್ತಕಗಳೂ ಪತ್ರಿಕೆಗಳೂ ಹೆಚ್ಚಾಗಿ ಆಫ್‌ಸೆಟ್ ವಿಧಾನದಲ್ಲಿ ಅಚ್ಚಾಗುತ್ತವೆ. ಅದರ ಮೂಲ ಕಲ್ಲಚ್ಚಿನಲ್ಲಿದೆ. ಬವೇರಿಯದ ಆಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಇದನ್ನು ಕಂಡುಹಿಡಿದನು. ನಯಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಬರೆಹವಿಲ್ಲದ ಕಡೆ ನೀರು ನಿಲ್ಲುತ್ತದೆ. ಬರೆಹವಿರುವ ಕಡೆ ನಿಲ್ಲುವುದಿಲ್ಲ. ಬಳಿಕ ಎಣ್ಣೆಯ ಶಾಯಿಯನ್ನು ಹಚ್ಚಿದರೆ ಅದು ಬರೆಹಕ್ಕೆ ಮಾತ್ರ ಅಂಟುತ್ತದೆ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಟಾಗ ಅದು ಅಚ್ಚಾದದ್ದು ಹೀಗೆ ಕಲ್ಲಿನ ಮೇಲೆಯೇ.

ಆಫ್‌ಸೆಟ್ ಯಂತ್ರದಲ್ಲಿ ಕಲ್ಲಿಗೆ ಬದಲು ಅಲ್ಯುಮಿನಿಯಮ್ಮಿನ ತೆಳುವಾದ ಪ್ಲೇಟು ಉರುಳೆಗೆ ಸುತ್ತಿಕೊಂಡಿರುತ್ತದೆ. ಶಾಯಿಯು ಪ್ಲೇಟಿನಿಂದ ಮೊದಲು ರಬ್ಬರಿನ ಹೊದಿಕೆಯ ಇನ್ನೊಂದು ಉರುಳೆಗೆ, ಅಲ್ಲಿಂದ ಕಾಗದಕ್ಕೆ ದಾಟುತ್ತದೆ. ಒಂದು ಬಣ್ಣಕ್ಕೆ ಒಂದು ಪ್ಲೇಟು ಬೇಕು. ಹಾಳೆಗೆ ಎರಡು ಮಗ್ಗುಲುಗಳಿರುವುದರಿಂದ ಕಪ್ಪಿನಲ್ಲಿ ಮಾತ್ರ ಅಚ್ಚಾಗುವ ಹಾಳೆಗೆ ಎರಡು ಪ್ಲೇಟುಗಳೂ, ನಾಲ್ಕು ಬಣ್ಣಗಳಲ್ಲಿ ಅಚ್ಚಾಗುವ ಹಾಳೆಗೆ ಎಂಟು ಪ್ಲೇಟುಗಳೂ ಆಗಬೇಕು. ನೂರು ಪ್ರತಿ ತೆಗೆದರೂ ಹತ್ತು ಸಾವಿರ ಪ್ರತಿ ತೆಗೆದರೂ ಪ್ಲೇಟಿನ ವೆಚ್ಚ ಅಷ್ಟೇ. ಪ್ರತಿಗಳು ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುವುದಕ್ಕೂ, ಪ್ಲೇಟು ಆದ ಮೇಲೆ ಒಂದು ಅಕ್ಷರವನ್ನು ತಿದ್ದಬೇಕೆಂದರೂ ಹೊಸ ಪ್ಲೇಟಿನ ಹಣ ತೆರಬೇಕಾಗುವುದಕ್ಕೂ ಇದೇ ಕಾರಣ.

ಕಾಗದದ ಮಡಿಕೆ, ಕತ್ತರಿಯ ಅಲಗು

ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ 'ಆಕಾರ: 1/8 ಡೆಮಿ, ಕಾಗದ: 70 ಜಿ.ಎಸ್.ಎಂ. ಮ್ಯಾಪ್ಲಿಥೋ' ಎಂಬ ಬಗೆಯ ಮಾತನ್ನು ವಾಚಕರು ಕಂಡಿರಬಹುದು. ಎಪ್ಪತ್ತು ಜಿ.ಎಸ್.ಎಂ. ಎಂದರೆ ಆ ಕಾಗದದ ಒಂದು ಚದರ ಮೀಟರು 70 ಗ್ರಾಂ ತೂಗುತ್ತದೆ ಎಂದರ್ಥ. ಡೆಮಿ ಎಂಬುದು 17½ ಅಂಗುಲ ಅಗಲ, 22½ ಅಂಗುಲ ಉದ್ದದ ಹಾಳೆಯ ಹೆಸರು. ಅದನ್ನು ಮೂರು ಸಲ ಮಡಿಸಿದರೆ ಎಂಟು ಎಲೆಗಳು, ಎಂದರೆ ಹದಿನಾರು ಪುಟಗಳು ದೊರೆಯುತ್ತವೆ. ಇದಕ್ಕೆ ಅಚ್ಚುಕೂಟದವರು ಒಂದು ಫಾರಂ ಎನ್ನುತ್ತಾರೆ. ನಮ್ಮ 96 ಪುಟಗಳ ಸಂಚಿಕೆಗೆ ಸರಿಯಾಗಿ ಆರು ಫಾರಂಗಳಾದವು. ಪುಟಗಳು 98 ಆದರೆ ಎರಡು ಪುಟಗಳಿಗಾಗಿ ಇನ್ನೊಂದು ಹಾಳೆಯ ಏರ್ಪಾಡಾಗಬೇಕು. ಆದುದರಿಂದ ಲೇಖನಗಳನ್ನು ಆಯುವಾಗಲೇ ಪುಟಗಳ ಒಟ್ಟು ಸಂಖ್ಯೆಯನ್ನು 16ರ, ಅದಾಗದಿದ್ದರೆ 8ರ ಅಥವಾ 4ರ ಗುಣಕದಲ್ಲಿ ಇರಿಸಿಕೊಳ್ಳುವುದು ಜಾಣತನ.

ಹಾಳೆಯ ಮೇಲೆ ಪುಟಗಳು ಓದುವ ಕ್ರಮದಲ್ಲಿ ಕುಳಿತಿರುವುದಿಲ್ಲ. ಒಂದು ಕಾಗದವನ್ನು ಎರಡು ಸಲ ಮಡಿಸಿ, ಬಿಡಿಸದೆಯೇ ಅಂಚುಗಳನ್ನು ಸರಿಸಿ ಎಂಟು ಪುಟಗಳಿಗೂ ಕ್ರಮವಾಗಿ ಅಂಕಿಗಳನ್ನು ಬರೆಯಿರಿ. ಈಗ ಕಾಗದವನ್ನು ಬಿಡಿಸಿ ನೋಡಿ. ಒಂದು ಮಗ್ಗುಲಲ್ಲಿ 1, 8, 4, 5 ಇರುತ್ತವೆ. ಇನ್ನೊಂದರಲ್ಲಿ 2, 7, 3, 6. ಕೆಲವು ಅಂಕಿಗಳು ತಲೆಕೆಳಗಾಗಿರುತ್ತವೆ. ಪುಸ್ತಕದ ಬೆನ್ನಿನ ಮಡಿಕೆಯ ಎರಡು ಕಡೆಯ ಪುಟಗಳನ್ನು ಕೂಡಿಸಿದರೆ ಯಾವಾಗಲೂ ಒಂಬತ್ತೇ ಬರುವುದನ್ನು ಗಮನಿಸಿ. ಪುಟಗಳನ್ನು ಹೀಗೆ ಹೊಂದಿಸುವ ಕೆಲಸವನ್ನು ಅಚ್ಚುಕೂಟದವರೇ ಮಾಡಿಕೊಳ್ಳುತ್ತಾರೆ. ನಾವು ಮಾಡತಕ್ಕದ್ದಿಷ್ಟೆ: ಪುಟಗಳನ್ನು ಜೋಡಿಜೋಡಿಯಾಗಿ ಅಂಟಿಸದೆ, ಒಂದೊಂದನ್ನೂ ಬಿಡಿಯಾಗಿ ಓದುವ ಕ್ರಮದಲ್ಲಿ ಕಳುಹಿಸುವುದು, ಖಾಲಿ ಪುಟಗಳಿದ್ದರೆ ಅವನ್ನೂ ಬಿಡದಿರುವುದು.

ಮಡಿಸಿದ ಡೆಮಿ ಹಾಳೆಯ ಎಲೆಯು 5⅝ ಅಂಗುಲ ಅಗಲ, 8¾ ಅಂಗುಲ ಉದ್ದವಿರುತ್ತದೆ. ಹೊಲಿದ ಬಳಿಕ ತಲೆ, ಕಾಲು, ಹೊರ ಅಂಚು ಈ ಮೂರು ಕಡೆಯೂ ಅಂಗುಲದ ಎಂಟನೆಯ ಒಂದು ಭಾಗವನ್ನು, ಎಂದರೆ ಸುಮಾರು 3 ಮಿಲಿಮೀಟರನ್ನು, ಕತ್ತರಿಸಿ 5½ಕ್ಕೆ 8½ ಅಂಗುಲದ ಪುಸ್ತಕವನ್ನು ಮಾಡುತ್ತಾರೆ. ನೂರಾರು ಎಲೆಗಳ ಅಟ್ಟಿಯನ್ನು ಒಮ್ಮೆಗೇ ಕತ್ತರಿಸುವಾಗ ಅಲಗು ಕೂದಲೆಳೆಯಷ್ಟು ಆಚೆಗೋ ಈಚೆಗೋ ಸರಿಯುವುದು ಸಹಜ. ಚಿತ್ರವು ಪುಟದ ಅಂಚಿನವರೆಗೆ ಮಾತ್ರ ಇದ್ದರೆ, ಅಲಗು ಹೊರಕ್ಕೆ ಸರಿದಾಗ ಬಿಳಿಯ ಕಾಗದ ಇಣುಕುತ್ತದೆ. ರಕ್ಷಾಪುಟದ ಅಂಚಿನ ಬಿಳಿಯ ಗೆರೆ ಹುಟ್ಟಿದ್ದು ಹೀಗೆ.

ಇದಕ್ಕೆ ಪರಿಹಾರ ಸರಳವಾಗಿದೆ. ಅಂಚನ್ನು ಮುಟ್ಟುವ ಬಣ್ಣವನ್ನೂ ಚಿತ್ರವನ್ನೂ ಕತ್ತರಿಯ ಗೆರೆಯಿಂದ ಹೊರಕ್ಕೆ 3 ಮಿಲಿಮೀಟರು ಚಾಚಿಸಬೇಕು. ಈ ಹೊರಚಾಚಿಗೆ ಬ್ಲೀಡ್ ಎಂಬ ಹೆಸರುಂಟು. 210ಕ್ಕೆ 297 ಮಿಲಿಮೀಟರಿನ ಎ4 ಪುಟಕ್ಕೆ ನಾಲ್ಕು ಕಡೆಯೂ ಹೊರಚಾಚು ಸೇರಿದರೆ ಕಡತದ ಅಳತೆ 216ಕ್ಕೆ 303 ಆಗುತ್ತದೆ. ಇದಕ್ಕೆ ಪ್ರತಿಯಾಗಿ, ಅಕ್ಷರಗಳನ್ನೂ ಪುಟದ ಅಂಕಿಗಳನ್ನೂ ಕತ್ತರಿಯ ಗೆರೆಯಿಂದ ಕನಿಷ್ಠ 5 ಮಿಲಿಮೀಟರು ಒಳಗೇ ಇರಿಸಬೇಕು. ಯಂತ್ರವು ಹಾಳೆಯನ್ನು ಹಿಡಿದೆಳೆಯುವ ಅಂಚಿನಲ್ಲಿ ಅಚ್ಚು ಬೀಳುವುದಿಲ್ಲವಾದ್ದರಿಂದ ಹೊರಚಾಚಿರುವ ಕೆಲಸಕ್ಕೆ ಕೆಲವು ವೇಳೆ ದೊಡ್ಡ ಹಾಳೆ ಬೇಕಾಗುತ್ತದೆ. ಪುಟದ ಅಳತೆಯನ್ನು ನಾವಾಗಿ ನಿಶ್ಚಯಿಸುವ ಮೊದಲು ಅಚ್ಚುಕೂಟದವರನ್ನು ಕೇಳುವುದು ಮೇಲು.

ರಕ್ಷಾಪುಟದ ಬೆನ್ನಿನ ದಪ್ಪವನ್ನೂ ಊಹೆಯಿಂದ ಹೇಳಬಾರದು. ತೊಂಬತ್ತಾರು ಪುಟಗಳೆಂದರೆ ನಲವತ್ತೆಂಟು ಎಲೆಗಳು. ಅಚ್ಚಿಗೆ ಬಳಸುವ ಕಾಗದದಿಂದಲೇ ಅಷ್ಟು ಎಲೆಗಳನ್ನು ತೆಗೆದುಕೊಂಡು, ಒತ್ತಿ ಹಿಡಿದು ಅಳೆದರೆ ದಪ್ಪ ತಿಳಿಯುತ್ತದೆ.

ತೆರೆಯ ಬೆಳಕು, ಕಾಗದದ ಶಾಯಿ

ನೀಲಿ ಮಂಕಾದದ್ದೇಕೆ? ಗಣಕದ ತೆರೆಯು ಬೆಳಕನ್ನು ಹೊರಸೂಸುತ್ತದೆ. ಕೆಂಪು, ಹಸಿರು, ನೀಲಿ ಈ ಮೂರು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಕೂಡಿಸಿ ಅದು ಎಲ್ಲ ಬಣ್ಣಗಳನ್ನೂ ತೋರಿಸುತ್ತದೆ; ಮೂರೂ ಪೂರ್ಣವಾಗಿ ಕೂಡಿದರೆ ಬಿಳಿ. ಕಾಗದಕ್ಕೆ ತನ್ನದೆಂಬ ಬೆಳಕಿಲ್ಲ. ಕೋಣೆಯ ಬಿಳಿಯ ಬೆಳಕು ಅದರ ಮೇಲೆ ಬಿದ್ದು ಹಿಂದಿರುಗುವಾಗ, ನಡುವೆ ಇರುವ ಶಾಯಿ ಅದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಸಯಾನ್ ಎಂಬ ತಿಳಿನೀಲಿ ಶಾಯಿಯು ಕೆಂಪು ಬೆಳಕನ್ನೂ, ಮೆಜೆಂಟಾ ಎಂಬ ಕಡುಗುಲಾಬಿ ಶಾಯಿಯು ಹಸಿರು ಬೆಳಕನ್ನೂ, ಹಳದಿ ಶಾಯಿಯು ನೀಲಿ ಬೆಳಕನ್ನೂ ಹೀರುತ್ತವೆ. ತೆರೆಯಲ್ಲಿ ಬಣ್ಣವೆಂಬುದು ಕೂಡಿಸುವ ಲೆಕ್ಕ. ಕಾಗದದಲ್ಲಿ ಕಳೆಯುವ ಲೆಕ್ಕ.

ಕಾಗದದ ಮೇಲೆ ಕಡುನೀಲಿ ಬೇಕಾದರೆ ಸಯಾನ್ ಮತ್ತು ಮೆಜೆಂಟಾ ಒಂದರ ಮೇಲೊಂದು ಬೀಳಬೇಕು. ಎರಡೂ ಬೆಳಕನ್ನು ಹೀರುವವೇ. ಯಾವ ಶಾಯಿಯೂ ಆದರ್ಶವಾದ ಶುದ್ಧಿಯುಳ್ಳದ್ದಲ್ಲವಾದ್ದರಿಂದ, ಹಿಂದಿರುಗಬೇಕಾದ ನೀಲಿ ಬೆಳಕಿನಲ್ಲಿಯೂ ಒಂದು ಪಾಲು ನಷ್ಟವಾಗುತ್ತದೆ. ತೆರೆಯ ಹೊಳಪನ್ನು ಶಾಯಿಯಿಂದ ಪಡೆಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಕಡತವನ್ನು ಮೊದಲೇ ನಾಲ್ಕು ಶಾಯಿಗಳ ಪದ್ಧತಿಗೆ ಪರಿವರ್ತಿಸಿ, ಬಣ್ಣ ಎಷ್ಟು ಕುಗ್ಗುವುದೆಂಬುದನ್ನು ನೋಡಿ ಒಪ್ಪಿಕೊಳ್ಳಬೇಕು. ಪರಿವರ್ತನೆಗೆ ಯಾವ ಮಾನಕವನ್ನು ಬಳಸಬೇಕೆಂಬುದನ್ನು ಅಚ್ಚುಕೂಟದವರು ಹೇಳುತ್ತಾರೆ.

ನಾಲ್ಕನೆಯದಾದ ಕಪ್ಪು ಶಾಯಿ ಏತಕ್ಕೆ? ಮೂರು ಬಣ್ಣದ ಶಾಯಿಗಳು ಕೂಡಿದರೆ ತಾತ್ತ್ವಿಕವಾಗಿ ಕಪ್ಪಾಗಬೇಕು. ವಾಸ್ತವದಲ್ಲಿ ಕೆಸರಿನಂತಹ ಕಂದು ಬಣ್ಣವಾಗುತ್ತದೆ. ಕಾಗದವೂ ಶಾಯಿಯಿಂದ ತೊಯ್ದುಹೋಗುತ್ತದೆ. ನಾಲ್ಕು ಶಾಯಿಗಳೂ ಪೂರ್ಣವಾಗಿ ಬಿದ್ದರೆ ಒಟ್ಟು ಶೇಕಡಾ 400 ಆಯಿತು. ಒಳ್ಳೆಯ ನುಣುಪು ಕಾಗದವೂ ಸುಮಾರು 300ಕ್ಕಿಂತ ಹೆಚ್ಚನ್ನು ಸುಲಭವಾಗಿ ತಾಳಲಾರದು. ವೃತ್ತಪತ್ರಿಕೆಯ ಕಾಗದದ ಮಿತಿ ಅದಕ್ಕಿಂತಲೂ ಕಡಿಮೆ. ಮಿತಿ ಮೀರಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

ಇದರಿಂದ ಒಂದು ಮುಖ್ಯವಾದ ನಿಯಮ ಹೊರಡುತ್ತದೆ. ಓದುವ ಬರೆಹದ ಅಕ್ಷರಗಳು ಕಪ್ಪು ಶಾಯಿ ಒಂದರಿಂದಲೇ ಆಗಿರಬೇಕು. ತೆರೆಯ ಕಪ್ಪನ್ನು ಹಾಗೆಯೇ ಪರಿವರ್ತಿಸಿದರೆ ಅದು ಸಾಮಾನ್ಯವಾಗಿ ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ. ಆಗ ಒಂದೊಂದು ಅಕ್ಷರವೂ ನಾಲ್ಕು ಪ್ಲೇಟುಗಳಿಂದ ಅಚ್ಚಾಗಬೇಕು. ಹಾಳೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸರಿದರೂ ಅಕ್ಷರಗಳ ಸುತ್ತ ಬಣ್ಣದ ನೆರಳು ಕಾಣಿಸಿಕೊಳ್ಳುತ್ತದೆ. ಬಣ್ಣದ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟ ಸಣ್ಣ ಅಕ್ಷರಗಳಿಗೂ ಇದೇ ಅಪಾಯವುಂಟು. ಕನ್ನಡ ಅಕ್ಷರಗಳು ಸುತ್ತುಗಳಿಂದಲೂ ಕೊಂಡಿಗಳಿಂದಲೂ ಕೂಡಿದವು. ಅವುಗಳ ಒಳಗಿನ ಬಯಲು ಕಿರಿದು. ಶಾಯಿ ಒಳಕ್ಕೆ ಹರಿದರೆ ಒತ್ತಕ್ಷರಗಳು ಮುಚ್ಚಿಹೋಗುತ್ತವೆ.

ಚಿತ್ರವೆಂಬ ಚುಕ್ಕೆಗಳ ಸಮೂಹ

ಅಚ್ಚಿನ ಯಂತ್ರಕ್ಕೆ ಬೂದು ಬಣ್ಣವೆಂಬುದೇ ತಿಳಿಯದು. ಅದು ಶಾಯಿಯನ್ನು ಇಡಬಲ್ಲದು, ಇಲ್ಲವೆ ಬಿಡಬಲ್ಲದು. ಹಾಗಾದರೆ ಭಾವಚಿತ್ರದ ಛಾಯೆಗಳು ಬಂದದ್ದೆಲ್ಲಿಂದ? ವೃತ್ತಪತ್ರಿಕೆಯ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಉತ್ತರ ದೊರೆಯುತ್ತದೆ. ಚಿತ್ರವೆಲ್ಲ ಚುಕ್ಕೆಗಳಿಂದಾಗಿದೆ. ನೆರಳಿರುವ ಕಡೆ ಚುಕ್ಕೆಗಳು ದೊಡ್ಡವು. ಬೆಳಕಿರುವ ಕಡೆ ಸಣ್ಣವು. ದೂರದಿಂದ ನೋಡುವ ಕಣ್ಣು ಅವುಗಳನ್ನು ಬೆರೆಸಿ ಛಾಯೆಯೆಂದು ತಿಳಿಯುತ್ತದೆ. ಈ ವಿಧಾನಕ್ಕೆ ಹಾಫ್‌ಟೋನ್ ಎಂದು ಹೆಸರು.

ಬಣ್ಣದ ಚಿತ್ರದಲ್ಲಿ ಇಂತಹ ನಾಲ್ಕು ಚುಕ್ಕೆಜಾಲಗಳು ಒಂದರ ಮೇಲೊಂದು ಬೀಳುತ್ತವೆ. ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದು ಮೆಲ್ಲಗೆ ತಿರುಗಿಸಿದರೆ, ಬಟ್ಟೆಯಲ್ಲಿಲ್ಲದ ಅಲೆಗಳು ಕಾಣುವುದನ್ನು ಯಾರಾದರೂ ನೋಡಬಹುದು. ಅಚ್ಚಿನಲ್ಲಿ ಈ ಅಲೆಗಳು ಏಳದಿರಲೆಂದು ಜಾಲಗಳನ್ನು ಬೇರೆ ಬೇರೆ ಕೋನಗಳಲ್ಲಿ ಇರಿಸುತ್ತಾರೆ. ಕಪ್ಪಿಗೆ 45 ಅಂಶವೂ, ಸಯಾನ್ ಮತ್ತು ಮೆಜೆಂಟಾಗಳಿಗೆ 15 ಮತ್ತು 75 ಅಂಶಗಳೂ, ಹಳದಿಗೆ ಸೊನ್ನೆಯೂ ರೂಢಿಯಲ್ಲಿವೆ. ಒಮ್ಮೆ ಅಚ್ಚಾದ ಚಿತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ ಬಳಸಿದರೆ ಹಳೆಯ ಜಾಲದ ಮೇಲೆ ಹೊಸ ಜಾಲ ಬಿದ್ದು ಅಲೆಗಳು ಏಳುತ್ತವೆ. ಸಾಧ್ಯವಾದಷ್ಟೂ ಮೂಲಚಿತ್ರವನ್ನೇ ಸಂಪಾದಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ನುಣುಪು ಕಾಗದದ ಮೇಲೆ ಸಾಮಾನ್ಯವಾಗಿ ಅಂಗುಲಕ್ಕೆ ಸುಮಾರು 150 ಸಾಲು ಚುಕ್ಕೆಗಳು ಬೀಳುತ್ತವೆ. ಚುಕ್ಕೆಗಳು ಸರಿಯಾಗಿ ರೂಪುಗೊಳ್ಳಲು ಚಿತ್ರದಲ್ಲಿ ಅದರ ಎರಡರಷ್ಟು, ಎಂದರೆ ಅಂಗುಲಕ್ಕೆ 300 ಪಿಕ್ಸೆಲ್‌ಗಳಿರಬೇಕು. ಅಡ್ಡಲಾಗಿ 1,200, ಉದ್ದಕ್ಕೆ 900 ಪಿಕ್ಸೆಲ್‌ಗಳುಳ್ಳ ಭಾವಚಿತ್ರವಿದೆಯೆನ್ನೋಣ. ಮುನ್ನೂರರಿಂದ ಭಾಗಿಸಿದರೆ ಅದು ಚೆನ್ನಾಗಿ ಅಚ್ಚಾಗಬಲ್ಲ ಅಳತೆ 4ಕ್ಕೆ 3 ಅಂಗುಲ ಮಾತ್ರ. ಅದನ್ನು 8ಕ್ಕೆ 6 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ನೂರೈವತ್ತೇ ಉಳಿದು ಚಿತ್ರ ಮಸುಕಾಗುತ್ತದೆ. ತಂತ್ರಾಂಶದಲ್ಲಿ ಸಂಖ್ಯೆಯನ್ನು ಹೆಚ್ಚಿಸಬಹುದಾದರೂ, ಯಂತ್ರವು ನಡುವಿನ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುವುದೇ ಹೊರತು ಛಾಯಾಗ್ರಾಹಕನು ಹಿಡಿಯದ ವಿವರವನ್ನು ತರಲಾರದು. ಮೊಬೈಲ್ ಸಂದೇಶಗಳ ಮೂಲಕ ಬರುವ ಚಿತ್ರಗಳು ದಾರಿಯಲ್ಲಿಯೇ ಕುಗ್ಗಿರುವುದು ಸಾಮಾನ್ಯ. ಮೂಲ ಕಡತವನ್ನೇ ತರಿಸಿಕೊಳ್ಳಬೇಕು.

ಮ್ಯಾಪ್ಲಿಥೋದಂತಹ ಕಾಗದವು ಶಾಯಿಯನ್ನು ಹೀರುವುದರಿಂದ ಚುಕ್ಕೆಗಳು ಸ್ವಲ್ಪ ಹರಡಿ ದೊಡ್ಡವಾಗುತ್ತವೆ, ಚಿತ್ರ ಕಪ್ಪಿಡುತ್ತದೆ. ಅಂತಹ ಕಾಗದಕ್ಕೆ ಚಿತ್ರವನ್ನು ಸ್ವಲ್ಪ ತಿಳಿಯಾಗಿಸಿ ಕೊಡುವುದು ಲೇಸು.

ಕನ್ನಡ ಅಕ್ಷರಗಳ ವಿಚಾರ

ಕೊನೆಯದು ಚದರಿದ ಒತ್ತಕ್ಷರಗಳ ಪ್ರಶ್ನೆ. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಡುತ್ತದೆ. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯು 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಆದರೆ ಅದು ಬಳಕೆಗೆ ಬರುವ ಮೊದಲು ರೂಢಿಯಾದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ್ದರು. ಅಂತಹ ಬರೆಹವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡಕ್ಕೆ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಲೇಖನಗಳು ಹಲವರಿಂದ ಬಂದಾಗ ಕೆಲವು ಹಳೆಯ ಪದ್ಧತಿಯಲ್ಲಿ, ಕೆಲವು ಯುನಿಕೋಡಿನಲ್ಲಿ ಇರುತ್ತವೆ. ಮೊದಲು ಎಲ್ಲವನ್ನೂ ಒಂದೇ ಪದ್ಧತಿಗೆ ತರಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತುಗಳು, ಅಂಕಿಗಳು ಕೆಡುವುದುಂಟಾದ್ದರಿಂದ ಬಳಿಕ ಮೊದಲಿನಿಂದ ಓದಬೇಕು.

ಯುನಿಕೋಡಿನಲ್ಲಿಯೂ ಒಂದು ಎಚ್ಚರ ಬೇಕು. ಅದರಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ವ್ಯಂಜನ, ವಿರಾಮಚಿಹ್ನೆ, ಮತ್ತೊಂದು ವ್ಯಂಜನ ಈ ಮೂರನ್ನು ಕಂಡು ತಂತ್ರಾಂಶವೇ ಒತ್ತನ್ನು ಕೆಳಗಿಳಿಸಬೇಕು. ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಏರ್ಪಾಡನ್ನು ಆಯ್ದುಕೊಳ್ಳದಿದ್ದರೆ 'ಕನ್ನಡ' ಎಂಬುದು 'ಕನ್‌ನಡ' ಎಂದು ಬೀಳುತ್ತದೆ. ಪದ್ಯಕ್ಕೆ ಬಂದ ಗತಿ ಇದೇ. ಸಾಲುಗಳ ನಡುವಣ ಅಂತರವೂ ಮುಖ್ಯವಾದುದು. 'ರಾಷ್ಟ್ರ'ದಂತಹ ಮಾತಿನಲ್ಲಿ ಎರಡು ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಗುಡಿಸು ಮೇಲಕ್ಕೆ ಏಳುತ್ತದೆ. ರೋಮನ್ ಲಿಪಿಗೆ ಸಾಕಾಗುವ ಅಂತರದಲ್ಲಿ ಅವೆರಡೂ ತಾಗಿಕೊಳ್ಳುತ್ತವೆ.

ಕಡತವನ್ನು ಒಪ್ಪಿಸುವಾಗ

ಇಷ್ಟಾದ ಮೇಲೆ ಪುಟಗಳನ್ನು ಪಿ.ಡಿ.ಎಫ್. ರೂಪಕ್ಕೆ ತರಬೇಕು. 1993ರಲ್ಲಿ ಅಡೋಬಿ ಸಂಸ್ಥೆ ಬಳಕೆಗೆ ತಂದ ಈ ರೂಪವು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅಚ್ಚಿನ ಕೆಲಸಕ್ಕೆಂದೇ ಪಿ.ಡಿ.ಎಫ್. ಎಕ್ಸ್ ಎಂಬ ಮಾನಕಗಳು 2001ರಿಂದ ಇವೆ. ಅದನ್ನು ಆಯ್ದುಕೊಂಡರೆ ಫಾಂಟ್‌ಗಳು ಕಡತದೊಳಗೇ ಅಡಕವಾಗಿ, ಅಚ್ಚುಕೂಟದ ಗಣಕದಲ್ಲಿ ಅವು ಇಲ್ಲದಿದ್ದರೂ ಅಕ್ಷರಗಳು ಕೆಡುವುದಿಲ್ಲ. ಕಳುಹಿಸುವ ಮೊದಲು ನೋಡಬೇಕಾದವು ಇವು:

1. ಪುಟದ ಅಳತೆ ಸರಿಯಾಗಿದೆಯೆ? ಹೊರಚಾಚು 3 ಮಿಲಿಮೀಟರು ಇದೆಯೆ?
2. ಪುಟಗಳ ಒಟ್ಟು ಸಂಖ್ಯೆ ಫಾರಂಗಳಿಗೆ ಹೊಂದುತ್ತದೆಯೆ?
3. ಬಣ್ಣಗಳೆಲ್ಲ ನಾಲ್ಕು ಶಾಯಿಗಳ ಪದ್ಧತಿಯಲ್ಲಿವೆಯೆ? ಬರೆಹವು ಕಪ್ಪು ಶಾಯಿ ಒಂದರಲ್ಲಿಯೇ ಇದೆಯೆ?
4. ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ ಅಂಗುಲಕ್ಕೆ 300 ಪಿಕ್ಸೆಲ್‌ಗಳನ್ನು ಹೊಂದಿವೆಯೆ?
5. ಫಾಂಟ್‌ಗಳೆಲ್ಲ ಕಡತದಲ್ಲಿ ಅಡಕವಾಗಿವೆಯೆ?

ಯಂತ್ರವು ಈ ಐದನ್ನು ಪರೀಕ್ಷಿಸಬಲ್ಲದು. ಅದು ಪರೀಕ್ಷಿಸಲಾರದ್ದು ಒಂದಿದೆ: ಬರೆದದ್ದು ಸರಿಯೆ ಎಂಬುದು. ಅದಕ್ಕಾಗಿ ಕಾಗದದ ಮೇಲೆ ಕರಡಚ್ಚನ್ನು ತರಿಸಿಕೊಂಡು ಓದಲೇಬೇಕು. ತೆರೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುವುದುಂಟು. ಬರೆದವನ ಕಣ್ಣು ತಾನು ಬರೆಯಬೇಕೆಂದಿದ್ದುದನ್ನೇ ಓದಿಕೊಳ್ಳುವುದರಿಂದ ಕರಡನ್ನು ಬೇರೊಬ್ಬರು ನೋಡತಕ್ಕದ್ದು. ಹಳೆಯ ಅಚ್ಚುಕೂಟಗಳಲ್ಲಿ ಒಬ್ಬನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದನು, ಇನ್ನೊಬ್ಬನು ಕರಡಿನ ಮೇಲೆ ಬೆರಳಿಟ್ಟು ನೋಡುತ್ತಿದ್ದನು. ಆ ಪದ್ಧತಿಗೆ ಇಂದಿಗೂ ಸಮನಾದುದಿಲ್ಲ. ದಪ್ಪ ಅಕ್ಷರದ ತಲೆಬರೆಹಗಳು, ವ್ಯಕ್ತಿಗಳ ಹೆಸರುಗಳು, ಇಸವಿಗಳು, ಭಾವಚಿತ್ರಗಳ ಕೆಳಗಿನ ಮಾತುಗಳು, ಇವನ್ನು ಪ್ರತ್ಯೇಕವಾಗಿ ಇನ್ನೊಮ್ಮೆ ನೋಡಬೇಕು. ಎಲ್ಲರೂ ಸರಿಯಿರಬಹುದೆಂದು ದಾಟಿಹೋಗುವ ಸ್ಥಳಗಳು ಇವೇ. ಸಹಪಾಠಿಯೊಬ್ಬನ ಹೆಸರು ತಪ್ಪಾಗಿ ಅಚ್ಚಾದರೆ ಅದು ಸಾವಿರ ಮನೆಗಳಲ್ಲಿ ಹಲವು ವರ್ಷಗಳ ಕಾಲ ತಪ್ಪಾಗಿಯೇ ಉಳಿಯುತ್ತದೆ. ಹೆಸರುಗಳನ್ನೆಲ್ಲ ಕಾಲೇಜಿನ ಹಾಜರಿ ಪುಸ್ತಕದೊಡನೆ ಹೋಲಿಸಿದ ಮೇಲೆಯೇ ಕರಡಚ್ಚಿನ ಮೇಲೆ ಒಪ್ಪಿಗೆಯ ಸಹಿ ಹಾಕಬೇಕು.